ಅಕ್ಕನ ಬಾಕಿ ಓದು

ಸನತ್‌ನಗರ, ಹೈದರಾಬಾದು
೯ ಫೆಬ್ರವರಿ ೨೦೨೫, ರವಿವಾರ

ಚಿ. ಸೌ. ವತ್ಸಲಾಳಿಗೆ,

ನಿಮ್ಮ ಭಾವ ಭೀಮಾಶಂಕರನ ಆಶೀರ್ವಾದಗಳು. ನಾವಿಲ್ಲಿ, ಅಂದರೆ ನಾನು ಮತ್ತು ಮೇಲಿನ ಮನೆಯವರ ಬೆಕ್ಕು, ಆರಾಮ ಇದ್ದೇವೆ. ರಾಯಚೂರಿನಲ್ಲಿ ನೀನೂ ರಾಮಕೃಷ್ಣನೂ ಹಾಗೇ ಇದ್ದೀರಿ ಎಂದುಕೊಂಡಿದ್ದೇನೆ. ಕಾಲೇಜಿನಲ್ಲಿ ಪತ್ರ ಬರೆಯುವುದನ್ನು ಕಲಿಸುವಾಗ ‘ಹೋಪ್ ದಿಸ್ ಫೈಂಡ್ಸ್ ಯೂ ಇನ್ ದಿ ಪಿಂಕ್ ಆಫ್’ ಎಂದು ಶುರು ಮಾಡಿಸುತ್ತಿದ್ದರು. ಪಿಂಕ್ ಆಫ್ ಏನು ಅನ್ನುವುದು ಈಗ ಮರೆತಿದೆ. ಹೆಲ್ತೋ ವೆಲ್ತೋ, ನಿನಗೆ ಯಾವುದು ಬೇಕೋ ಅದನ್ನಿಟ್ಟುಕೋ.

ನಿನ್ನ ಪತ್ರ ಬಂದದ್ದು ದೀಪಾವಳಿಯ ಹೊತ್ತಿಗೆ, ಉತ್ತರ ಬರೆಯುತ್ತಿರುವುದು ಈಗ. ಸಿಟ್ಟಾಗಬೇಡ. ಕಣ್ಣಿನ ನೆಪ ಹೇಳಬಹುದು, ಅದು ಅರ್ಧ ನಿಜ. ಉಳಿದರ್ಧ ಏನೆಂದರೆ ನಿನ್ನ ಕೊನೆಯ ಸಾಲಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ‘ಭಾವಾ, ಕಣ್ಣಿಗೆ ತ್ರಾಸು ಮಾಡ್ಕೋಬ್ಯಾಡ್ರಿ. ಅಕ್ಕನ ಪುಸ್ತಕ ಎಲ್ಲಾ ನನಗ ಕಳಿಸಿಬಿಡ್ರಿ. ಇಲ್ಲಿ ನಮ್ಮ ಓದುವ ಬಳಗದಾಗ ಹೆಣ್ಣಮಕ್ಕಳು ಕಾಯಾಕತ್ತಾರ’ ಎಂದು ಬರೆದಿದ್ದೀ. ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದೀ, ನನಗೆ ಗೊತ್ತು. ಆದರೆ ವತ್ಸಲಾ, ಆ ಪುಸ್ತಕಗಳು ಹೋದರೆ ನನ್ನ ಸಂಜೆ ಹೋಗುತ್ತದೆ. ಅವು ಇನ್ನಷ್ಟು ದಿನ ಇಲ್ಲೇ ಇರಲಿ ಎಂದು ಕೇಳುವುದಕ್ಕೇ ಈ ಪತ್ರ. ಯಾಕೆ ಎಂದು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ನಾನು ಹಿಂದಕ್ಕೆ ಹೋದರೆ ಬೇಗ ವಾಪಸು ಬರುವವನಲ್ಲ, ಅದು ನಿನಗೆ ಗೊತ್ತೇ ಇದೆ.

ನೀನು ನೋಡಿದ್ದೀಯಲ್ಲ, ಕಿಟಕಿ ಕೆಳಗಿನ ಆ ರಾಶಿ. ನೀನು ಕಳಿಸಿದ್ದು, ಅವಳೇ ಕೊಂಡದ್ದು, ಬೆಂಗಳೂರಿಂದ ಯಾರೋ ಬರುವಾಗ ತರಿಸಿದ್ದು. ನಿಮ್ಮಕ್ಕ ಗಂಗಾ ಅದಕ್ಕೆ ‘ಬಾಕಿ’ ಎಂದು ಹೆಸರಿಟ್ಟಿದ್ದಳು. ‘ಈ ತಿಂಗಳು ಬಾಕಿ ಇಳಿಸಬೇಕ್ರಿ’ ಅನ್ನುತ್ತಿದ್ದಳು, ಮರುದಿನವೇ ಇನ್ನೆರಡು ತರಿಸುತ್ತಿದ್ದಳು. ನಾನು ಜನ್ಮದಲ್ಲಿ ಓದುವವನಲ್ಲ. ಕಾರ್ಖಾನೆಯ ಸ್ಟೋರಿನಲ್ಲಿ ಬೇರಿಂಗು, ವಾಷರುಗಳ ನಡುವೆ ವಯಸ್ಸು ಕಳೆದವನು. ಆದರೂ ಅವಳು ಹೋದ ಮೇಲೆ ಆ ರಾಶಿಯ ಮುಂದೆ ಓಡಾಡಿ ಓಡಾಡಿ ಒಂದು ದಿನ ಕೂತುಬಿಟ್ಟೆ. ಇಂಗ್ಲಿಷಿನಲ್ಲಿ ಒಂದು ಟೆನ್ಸ್ ಇದೆ ನೋಡು, ಆಗಲೇ ಶುರುವಾಗಿ ಇನ್ನೂ ನಡೆಯುತ್ತಿರುವುದಕ್ಕೆ. ಹೆಸರು ಪ್ರೆಸೆಂಟ್ ಏನೋ ಏನೋ ಕಂಟಿನ್ಯುಯಸ್. ಆ ಪ್ರಶ್ನೆಗೆ ಪರೀಕ್ಷೆಯಲ್ಲಿ ನನಗೆ ಯಾವತ್ತೂ ಮಾರ್ಕು ಬಂದಿಲ್ಲ. ನಿಮ್ಮಕ್ಕನ ಓದು ಆ ಟೆನ್ಸಿನಲ್ಲೇ ನಿಂತುಹೋಗಿದೆ ಅನಿಸಿತು. ಅದನ್ನು ನಾನು ಮುಂದುವರಿಸೋಣ ಎಂದುಕೊಂಡೆ.

ಓದುವುದಕ್ಕೆ ಕೂತರೆ ಕಣ್ಣು ಕೈಕೊಟ್ಟಿತು. ಮೋತಿಬಿಂದು, ಎರಡೂ ಕಣ್ಣಿಗೆ ಪೊರೆ. ಅಕ್ಷರಗಳೆಲ್ಲ ಮಜ್ಜಿಗೆಯಲ್ಲಿ ತೇಲಿದ ಹಾಗೆ. ನಮ್ಮ ಮಧುರಾ ಬೇಗಂಪೇಟೆಯ ಆಫೀಸು ಮುಗಿಸಿ ಬರುವಾಗೊಮ್ಮೆ ನನ್ನ ಫೋನಿನಲ್ಲಿ ಏನೋ ಹಾಕಿಕೊಟ್ಟಳು, ಅದು ಕನ್ನಡ ಓದಿ ಹೇಳುತ್ತದೆ. ಆದರೆ ಸ್ಟೇಷನ್ನಿನಲ್ಲಿ ಗಾಡಿ ಲೇಟು ಎಂದು ಹೇಳುವ ದನಿ. ಕಥೆಯೊಳಗೆ ಮುದುಕಿ ಸತ್ತರೂ ಪ್ಲಾಟ್‌ಫಾರಂ ಬದಲಾಯಿತು ಅಂದ ಹಾಗೇ ಕೇಳಿಸುತ್ತದೆ. ಮಗಳೇ ಓದಿ ಹೇಳಲಿ ಅಂದರೆ ಅವಳಿಗೆ ಕನ್ನಡ ನಾಲಿಗೆಯ ಮೇಲಷ್ಟೇ, ಅಕ್ಷರ ಬಾರದು. ಅವಳನ್ನು ಇಲ್ಲಿಯ ಶಾಲೆಗೆ ಹಾಕಿದವರು ನಾವೇ.

ಆಗ ಬಂದವರು ಕೆಳಗಿನ ಮನೆಯ ಸುಗುಣಮ್ಮ ಟೀಚರ್. ತೆಲುಗು ಮಾಧ್ಯಮದ ಶಾಲೆಯಲ್ಲಿ ಪಾಠ ಹೇಳಿ ರಿಟೈರಾದವರು, ಮಗ ಸೊಸೆಯ ಜೊತೆ ಇದ್ದಾರೆ. ಸಕಿನಾಲು, ಅಂದರೆ ಇಲ್ಲಿಯ ಚಕ್ಕುಲಿ, ಹಾಕಿದ ಡಬ್ಬಿ ಕೊಡಲು ಬಂದವರು ಮೇಜಿನ ಮೇಲಿದ್ದ ಪುಸ್ತಕ ಎತ್ತಿಕೊಂಡು, ಕನ್ನಡಕ ಮೂಗಿನ ತುದಿಗೆ ಇಳಿಸಿ, ‘ಇವಿ ಮಾ ಅಕ್ಷರಾಲೇ ಕದಾ ಸಾರ್’ ಅಂದರು. ಇವು ನಮ್ಮ ಅಕ್ಷರಗಳೇ ಅಲ್ಲವೇ, ತಲೆಕಟ್ಟಷ್ಟೇ ಬೇರೆ ಎಂದು. ಹಾಗೆಂದು ನಿಂತಲ್ಲೇ ಒಂದು ಪುಟ ಓದಿಬಿಟ್ಟರು. ಎಡವಿದರು, ಸಂಭಾಳಿಸಿಕೊಂಡರು, ಮುಗಿಸಿದರು. ಅವರಿಗೆ ಒಂದು ಮಾತೂ ತಿಳಿಯಲಿಲ್ಲ, ನನಗೆ ಪೂರ್ತಿ ತಿಳಿಯಿತು. ‘ನಾನು ಓದಿದ್ದೇನು, ಈಗ ನೀವು ಹೇಳಿ’ ಎಂದರು. ಹೇಳಿದೆ. ನಕ್ಕರು. ನಿಮಗೆ ಕಣ್ಣಿಲ್ಲ, ನನಗೆ ಭಾಷೆಯಿಲ್ಲ, ಇಬ್ಬರೂ ಸೇರಿದರೆ ಒಬ್ಬ ಓದುಗ ಆಗುತ್ತಾನೆ ಎಂದು ಅವರೇ ಲೆಕ್ಕ ಹಾಕಿದರು.

ಅಂದಿನಿಂದ ದಿನಾ ಸಂಜೆ ಚಹಾದ ಹೊತ್ತಿಗೆ ಬರತೊಡಗಿದರು. ಒಂದು ಮಾತನ್ನು ನಿನ್ನಿಂದ ಮುಚ್ಚಿಡಬಾರದು. ಅವರು ಕೂರುವುದು ನಿಮ್ಮಕ್ಕನ ಬೆತ್ತದ ಕುರ್ಚಿಯಲ್ಲಿ. ಬೆಳಕು ಬೀಳುವುದು ಅಲ್ಲೊಂದೇ ಕಡೆ. ಮೊದಲ ದಿನ ನನಗೂ ಒಂಥರಾ ಆಯಿತು. ನಿನಗೆ ಈ ಸಾಲು ಓದಿ ಹಾಗೇ ಆಗುತ್ತಿದ್ದರೆ ಅದರಲ್ಲಿ ತಪ್ಪೇನಿಲ್ಲ.

ಟೀಚರ್ ಓದುವುದೆಂದರೆ ಡಿಕ್ಟೇಷನ್. ಪ್ರತಿ ವಾಕ್ಯಕ್ಕೆ ನಿಂತು, ಬರೆದುಕೊಂಡೆಯಾ ಅನ್ನುವ ಹಾಗೆ ನನ್ನ ಮುಖ ನೋಡುತ್ತಾರೆ. ನಡುನಡುವೆ ನಮ್ಮ ಭಾಷೆಗೆ ಬೈಗುಳ. ಹಾಲು ಅಂದರೆ ಅವರ ಪಾಲು, ಹುಲಿ ಅಂದರೆ ಪುಲಿ, ಹೂವು ಅಂದರೆ ಪುವ್ವು ಎಂದು ತಿಳಿದ ದಿನ ಪುಸ್ತಕ ಮಡಚಿಟ್ಟು, ನಿಮ್ಮವರಿಗೆ ‘ಪ’ ಅನ್ನಲು ಏನು ಕಷ್ಟ, ಹಲ್ಲು ಉದುರಿದವರ ಹಾಗೆ ಎಲ್ಲಕ್ಕೂ ‘ಹ’ ಯಾಕೆ ಎಂದು ಕೇಳಿದರು. ನಾನೇನು ಹೇಳಲಿ, ನನಗೂ ಮುಂದಿನ ಎರಡು ಹಲ್ಲಿಲ್ಲ. ಇನ್ನೊಂದು ಕಥೆಯಲ್ಲಿ ಒಬ್ಬಳು ಚಿನ್ನದ ಬಳೆ ಕಳೆದುಕೊಂಡು ಊರೆಲ್ಲ ಅತ್ತುಕೊಂಡು ಹುಡುಕುತ್ತಾಳೆ. ತೆಲುಗಿನಲ್ಲಿ ಚಿನ್ನ ಅಂದರೆ ಸಣ್ಣದು. ಇಷ್ಟು ಸಣ್ಣ ಬಳೆಗೆ ಇಷ್ಟು ಅಳುವುದೇ, ಎಂಥ ಜಿಪುಣಿ ಎಂದು ಅವರಿಗೆ ಆ ನಾಯಕಿಯ ಮೇಲೆ ಮೂರು ದಿನ ಸಿಟ್ಟು.

ಎದುರು ಫ್ಲಾಟಿಗೆ ಮೈಸೂರಿನ ಹುಡುಗಿ ಬಂದಿದ್ದಾಳೆ, ನಿಖಿತಾ ಎಂದು, ಕಂಪ್ಯೂಟರ್ ಕೆಲಸ. ಒಂದು ಸಂಜೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, ‘ಅಂಕಲ್, ಇದು ಯಾವ ಕಡೆ ಕನ್ನಡ?’ ಎಂದಳು. ಕೆಳಗಿನ ಮನೆ ಕಡೆಯದು ಎಂದೆ. ಹೋಗುವಾಗ ಎರಡು ಪುಸ್ತಕ ಒಯ್ದಳು. ಒಂದನ್ನು ತಂದುಕೊಟ್ಟಿದ್ದಾಳೆ. ಇನ್ನೊಂದನ್ನು ಅವಳ ಗೆಳತಿ ಓದುತ್ತಿದ್ದಾಳಂತೆ. ಗಂಗಾ ಇದ್ದಿದ್ದರೆ ಆ ಗೆಳತಿಯನ್ನೂ ಊಟಕ್ಕೆ ಕರೆಯುತ್ತಿದ್ದಳು.

ಎಲ್ಲಿಗೋ ಹೋದೆ. ಕಮಿಂಗ್ ಟು ದಿ ಪಾಯಿಂಟ್. ಡಿಸೆಂಬರಿನಲ್ಲಿ ಮಧುರಾ ನನ್ನ ಮಾತು ಕೇಳದೆ ಆಪರೇಷನ್ ಮಾಡಿಸಿದಳು. ‘ಪಪ್ಪಾ, ನೀವು ಇದನ್ನ ಮುಂದ ಹಾಕ್ಕೋತ ಹೊಂಟೀರಿ, ಇನ್ನ ನಾ ಕೇಳಂಗಿಲ್ಲ’ ಅಂದಳು. ಆಸ್ಪತ್ರೆಯಲ್ಲಿ ಬೀದರ್ ಕಡೆಯ ನರ್ಸಮ್ಮ ಒಬ್ಬಳು ತಲೆ ಹಿಡಿದುಕೊಂಡು ‘ಅಜ್ಜಾರ, ಅಲುಗಾಡಬ್ಯಾಡ್ರಿ’ ಎಂದದ್ದು ಬಿಟ್ಟರೆ ನನಗೇನೂ ತಿಳಿಯಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಹೊಸ ಕನ್ನಡಕ ಕೊಟ್ಟರು. ಮನೆಗೆ ಬಂದು ನೋಡುತ್ತೇನೆ, ಗೋಡೆಯ ಮೂಲೆಯಲ್ಲಿ ಜೇಡರ ಬಲೆ, ಅಡುಗೆಮನೆ ಡಬ್ಬಿಗಳ ಮೇಲೆ ಗಂಗಾಳ ಕೈಬರಹದ ಚೀಟಿಗಳು, ಎಲ್ಲಾ ಸ್ಪಷ್ಟ. ಇಷ್ಟು ಸ್ಪಷ್ಟ ಬೇಕಿರಲಿಲ್ಲ.

ಅಂದು ಸಂಜೆ ಟೀಚರ್ ಬಂದರು. ನನ್ನ ಕನ್ನಡಕ ನೋಡಿದರು. ಪುಸ್ತಕದ ಒಂದು ಪುಟ ತೆರೆದು ನನ್ನ ಮುಂದೆ ಹಿಡಿದರು, ಶಾಲೆಯಲ್ಲಿ ಹಿಡಿದ ಹಾಗೆ. ಓದಿದೆ. ಅವರಿಗೆ ಸಂತೋಷವಾಯಿತು, ನಿಜವಾಗಿ. ‘ಇಂಕ ನೇನೆಂದುಕು ಸಾರ್’ ಎಂದರು, ಇನ್ನು ನಾನು ಯಾಕೆ ಎಂದು. ಚಹಾ ಕುಡಿದು ಹೋದರು. ಮರುದಿನ ಬರಲಿಲ್ಲ. ಅದರ ಮರುದಿನವೂ.

ಈಗ ಕಣ್ಣಿದೆ, ಹಗಲೆಲ್ಲ ಪುರಸೊತ್ತಿದೆ, ರಾಶಿ ಮುಂದೇ ಇದೆ. ಒಂದು ಪುಟ ಓದುತ್ತೇನೆ, ಏನು ಓದಿದೆ ಎಂದು ಕೇಳುವವರಿಲ್ಲ. ಕೇಳುವವರಿಲ್ಲದಿದ್ದರೆ ಓದಿದ್ದು ನಿಲ್ಲುವುದಿಲ್ಲ ನೋಡು, ಜಾರಿಹೋಗುತ್ತದೆ. ಆಗ ನಿನ್ನ ಪತ್ರ ಮತ್ತೆ ತೆಗೆದೆ. ವತ್ಸಲಾ ಹೇಳಿದ್ದೇ ಸರಿ, ಕಳಿಸಿಬಿಡೋಣ ಎಂದುಕೊಂಡೆ. ನಮ್ಮ ಕಂಪೌಂಡ್ ಗೋಡೆ ಕಟ್ಟುತ್ತಿರುವ ತಾಯಪ್ಪ ನಿಮ್ಮ ಕಡೆಯವನು. ಹುಣ್ಣಿವಿಗೆ ಊರಿಗೆ ಹೋಗುವಾಗ ಕಾಚಿಗೂಡದಲ್ಲಿ ಗಾಡಿ ಹತ್ತುತ್ತೇನೆ, ಕೊಡ್ರಿ ಒಯ್ತೀನಿ ಅಂದಿದ್ದ. ಎಲ್ಲಾ ಪುಸ್ತಕ ಹಳೆಯ ಚಾದರದಲ್ಲಿ ಗಂಟು ಕಟ್ಟಿದೆ. ಒಂದೇ ಒಂದು ಹೊರಗೆ ಉಳಿಯಿತು, ನಾವು ನಡುವೆ ಬಿಟ್ಟಿದ್ದ ಕಾದಂಬರಿ. ಕೃಷ್ಣೆಯ ದಂಡೆಯ ಊರು, ತಾಯಿಯ ಜೊತೆ ಜಗಳವಾಡಿದ ಹುಡುಗಿ, ಹೊಳೆ ಏರುತ್ತಿದೆ. ಅಲ್ಲಿಗೆ ನಿಂತಿತ್ತು. ಅದನ್ನು ಗಂಟಿಗೆ ಸೇರಿಸಲು ಕೈ ಬರಲಿಲ್ಲ. ತೆಗೆದುಕೊಂಡು ಕೆಳಗೆ ಇಳಿದೆ.

ಟೀಚರ್ ಪಡಸಾಲೆಯಲ್ಲಿ ಕೂತು ಪುಂಡಿ ಸೊಪ್ಪು ಬಿಡಿಸುತ್ತಿದ್ದರು, ಅವರು ಪುಂಟಿ ಅನ್ನುತ್ತಾರೆ. ನನ್ನನ್ನು ನೋಡಿ ಕೂರಿ ಅನ್ನಲಿಲ್ಲ, ಬಂದಿರಾ ಅನ್ನಲಿಲ್ಲ. ಪುಸ್ತಕದ ಕಡೆ ನೋಡಿ ಕೇಳಿದರು:

‘ಆ ಪಿಲ್ಲ ಪುಟ್ಟಿ ಎಕ್ಕಿಂದಾ, ಲೇದಾ?’

ಆ ಹುಡುಗಿ ಹರಿಗೋಲು ಹತ್ತಿದಳೋ ಇಲ್ಲವೋ ಎಂದು. ನನಗೂ ಗೊತ್ತಿಲ್ಲ ಅಂದೆ. ಅವರಿಗೆ ಸಿಟ್ಟೇ ಬಂತು. ಕಣ್ಣು ಬಂದು ಇಷ್ಟು ದಿನವಾಯಿತು, ಒಂದು ಪುಟ ತಿರುವಲು ಏನಾಗಿತ್ತು, ನಾನಿಲ್ಲಿ ಒಲೆ ಮುಂದೆ ನಿಂತರೂ ಆ ಹೊಳೆಯೇ ಕಣ್ಣಿಗೆ ಬರುತ್ತದೆ, ಒಂದು ದಿನ ಅವಳನ್ನು ದಾಟಿಸುತ್ತೇನೆ, ಒಂದು ದಿನ ಮುಳುಗಿಸುತ್ತೇನೆ ಎಂದರು. ಹಾಗಾದರೆ ಯಾಕೆ ಬರಲಿಲ್ಲ ಟೀಚರ್ ಎಂದೆ. ಕರೆಯದೆ ಬರಲು ನಾನೇನು ನಿಮ್ಮ ಕಣ್ಣೇ, ಈಗ ನಿಮಗೆ ಬೇರೆ ಇವೆಯಲ್ಲ ಎಂದರು. ಒಳಗಿಂದ ಸೊಸೆ ನಕ್ಕದ್ದು ಕೇಳಿಸಿತು. ಅತ್ತೆಗೆ ಇವತ್ತು ಒಂದು ವಾರದ ಮೇಲೆ ಬಾಯಿ ಬಂತು ಎಂದು ಅವಳು ಯಾರಿಗೋ ಹೇಳಿದಳು.

‘ಇಪ್ಪುಡು ಮೀರು ಚದವಂಡಿ, ನೇನು ವಿಂಟಾ’ ಎಂದರು. ಈಗ ನೀವು ಓದಿ, ನಾನು ಕೇಳುತ್ತೇನೆ.

ಓದಿದೆ, ವತ್ಸಲಾ. ಕಾಲೇಜು ಬಿಟ್ಟ ಮೇಲೆ ಇನ್ನೊಬ್ಬರ ಮುಂದೆ ಗಟ್ಟಿಯಾಗಿ ಓದಿದ್ದು ಅದೇ ಮೊದಲು. ಅವರು ಸೊಪ್ಪು ಬಿಡಿಸುತ್ತಲೇ ತಿದ್ದುತ್ತಿದ್ದರು. ಪದದ ಕೊನೆ ನುಂಗಬೇಡಿ, ಅಲ್ಲಿ ನಿಲ್ಲಿ, ಉಸಿರು ತೆಗೆದುಕೊಳ್ಳಿ. ಕನ್ನಡ ಬಾರದವರು ನನ್ನ ಕನ್ನಡ ತಿದ್ದಿದರು. ಹುಡುಗಿ ಹರಿಗೋಲು ಹತ್ತಲಿಲ್ಲ, ವಾಪಸು ಹೊರಟಳು. ಮನೆಯಲ್ಲಿ ತಾಯಿ ತನ್ನಷ್ಟಕ್ಕೆ ಅನ್ನುತ್ತಾಳೆ, ನಿನ್ನ ದನಿ ಕೇಳದೆ ಈ ಮನೆ ಮನೆಯಲ್ಲ ಎಂದು. ಟೀಚರ್ ಕೈ ನಿಂತಿತು. ಇಷ್ಟು ತಿಂಗಳು ಓದಿದ್ದರಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು ಸಾರ್, ನಿಮ್ಮವರು ಮನಸ್ಸಿಗೆ ಹತ್ತಿರದ್ದಕ್ಕೆಲ್ಲ ‘ನಿನ್ನ’ ಸೇರಿಸುತ್ತಾರೆ ಎಂದರು. ತೆಲುಗಿನಲ್ಲಿ ನಿನ್ನ ಅಂದರೆ ನಿನ್ನೆ. ಅವರು ಅಷ್ಟೂ ದಿನ ನಿನ್ನೆಯ ದನಿ, ನಿನ್ನೆಯ ಕೈ, ನಿನ್ನೆಯ ಮನೆ ಎಂದೇ ಓದಿಕೊಂಡು ಬಂದಿದ್ದರು. ನಾನು ಅರ್ಥ ಹೇಳಿದೆ. ಕೈಯಲ್ಲಿದ್ದ ದಂಟನ್ನು ಬಿಡಿಸಿ ಬುಟ್ಟಿಗೆ ಹಾಕಿದರು.

‘ಮೀದಿ ಕರೆಕ್ಟೇ ಸಾರ್. ಕಾನೀ ನಾದಿ ಕೂಡಾ ತಪ್ಪು ಕಾದು.’

ನಿಮ್ಮದು ಸರಿಯೇ, ಆದರೆ ನನ್ನದೂ ತಪ್ಪಲ್ಲ ಎಂದು.

ಮೇಲೆ ಬಂದು ಗಂಟು ಬಿಚ್ಚಿದೆ. ಓದಿ ಮುಗಿದವನ್ನೆಲ್ಲ ತಾಯಪ್ಪನ ಕೈಯಲ್ಲಿ ಈ ಪತ್ರದ ಜೊತೆ ಕಳಿಸುತ್ತಿದ್ದೇನೆ, ಹರಿಗೋಲಿನದೂ ಅದರಲ್ಲಿದೆ. ನಿಮ್ಮ ಬಳಗದವರು ಓದಲಿ. ಆ ಹುಡುಗಿ ಮಾಡಿದ್ದು ಸರಿಯೋ ತಪ್ಪೋ ಎಂದು ಅವರೇನು ಅಂದರು ಬರೆದು ಕಳಿಸು, ಟೀಚರ್ ಕೇಳುತ್ತಿದ್ದಾರೆ. ರಾಯಚೂರಿನ ಹೆಂಗಸರು ತಮ್ಮ ಪರ ಇರುತ್ತಾರೆ ಎಂಬ ಧೈರ್ಯ ಅವರಿಗೆ. ಉಳಿದ ಪುಸ್ತಕ ಇಲ್ಲೇ ಇರಲಿ. ಈಗ ಒಂದು ದಿನ ಅವರು ಓದುತ್ತಾರೆ, ಒಂದು ದಿನ ನಾನು. ಕುರ್ಚಿ ನಿನ್ನ ಮನಸ್ಸಿಗೆ ಚುಚ್ಚಿದರೆ ಹೇಳು, ಬೇರೆ ತಂದು ಹಾಕುತ್ತೇನೆ, ಅದರಲ್ಲಿ ಸಂಕೋಚ ಬೇಡ. ಓದು ಮಾತ್ರ ನಿಲ್ಲಿಸೆಂದು ಹೇಳಬೇಡ.

ರಾಮಕೃಷ್ಣನಿಗೆ ಬಿಸಿಲಿನಲ್ಲಿ ಓಡಾಡಬೇಡ ಎಂದು ಹೇಳು. ನಿನ್ನ ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ. ನಿಮಗಿಬ್ಬರಿಗೂ ತುಂಬು ಆಯುಷ್ಯ, ಜಗಳವಾಡಲು ಬೇಕಾದಷ್ಟು ಶಕ್ತಿ ಇರಲಿ.

ಇಂತಿ ನಿಮ್ಮ ಭಾವ,
ಭೀಮಾಶಂಕರ

ತಾ.ಕ. ಮಧುರಾ ಹೇಳಿದಳು, ನೀನು ಅವಳ ಮುಂದೆ ಕಣ್ಣೀರು ಹಾಕಿದೆಯಂತೆ. ಭಾವ ನನ್ನ ಫೋನ್ ಎತ್ತಂಗಿಲ್ಲ, ನಾ ಏನ್ ತಪ್ಪು ಮಾಡೀನಿ ಅಂದೆಯಂತೆ. ನಿನ್ನ ತಪ್ಪು ಏನೂ ಇಲ್ಲವ್ವ. ಗಂಗಾ ತೀರಿಕೊಂಡ ತಿಂಗಳಲ್ಲಿ ನೀನು ಒಮ್ಮೆ ಫೋನ್ ಮಾಡಿ ‘ಊಟ ಆತೇನ್ರಿ’ ಅಂದೆ. ಅವಳೇ. ಅದೇ ದನಿ, ಅದೇ ‘ರಿ’ ಎಳೆಯುವುದು, ಕೊನೆಗೆ ಅದೇ ಉಸಿರು. ನಾನು ‘ಎಲ್ಲಿದ್ದೀ ಇಷ್ಟು ದಿನ’ ಅಂದುಬಿಟ್ಟೆ. ಲೈನ್ ಸರಿಯಿರಲಿಲ್ಲ, ನಿನಗೆ ಕೇಳಿಸಲಿಲ್ಲ. ಆಮೇಲೆ ಎತ್ತಲು ಧೈರ್ಯ ಬರಲಿಲ್ಲ. ಟೀಚರ್ ಓದುವುದು ನನಗೆ ಯಾಕೆ ಒಗ್ಗಿತು ಅಂದರೆ ಅವರ ದನಿಯಲ್ಲಿ ನಿಮ್ಮಕ್ಕ ಎಲ್ಲಿಯೂ ಇಲ್ಲ. ಬರುವ ರವಿವಾರ ಫೋನ್ ಮಾಡು, ಎತ್ತುತ್ತೇನೆ. ಮಾತಾಡುವ ಮೊದಲು ಒಂದು ಸಲ ಕೆಮ್ಮು. ನೀನು ವತ್ಸಲಾ ಎಂದು ನೆನಪು ಮಾಡಿಕೊಳ್ಳಲು ನನಗೆ ಅಷ್ಟು ಹೊತ್ತು ಬೇಕು.