ಬಿಯರ್ ಗಾರ್ಡನ್ನಿಗೆ ರೊಟ್ಟಿ ಬುತ್ತಿ

ಮ್ಯೂನಿಕ್, 4 ಮೇ 2002, ಶನಿವಾರ

ಇವತ್ತಿನದು ಡುಂಕಲ್ — ಕಪ್ಪು ಬಿಯರು. ಹದವಾಗಿ ಸುಟ್ಟ ಬ್ರೆಡ್ಡಿನ ರುಚಿ. ಹೋದ ವಾರದ ಗೋಧಿ ಬಿಯರಿಗೆ ಬಾಳೆಹಣ್ಣು, ಲವಂಗದ ವಾಸನೆ ಇತ್ತು. ಅದೇ ಮೇಲು. ಆಫೀಸಿನ ಗೆಳೆಯ ವಿಲ್ಫ್ರೆಡ್ ಒಪ್ಪುವುದಿಲ್ಲ. ಮಂಗಳೂರಿನವನು, ಮೀನಿಗೆ ಹೊಂದುತ್ತದೆಯೇ ಎಂಬುದಷ್ಟೇ ಅವನ ಪ್ರಶ್ನೆ.

ಮಧುಮತಿ ಬಾಗಿಲು ತೆಗೆದು ಮೂಗು ಮುಚ್ಚಿಕೊಂಡಳು. ಮದುವೆಯಾಗಿ ಬಾಗಲಕೋಟೆಯಿಂದ ಬಂದು ಎರಡು ತಿಂಗಳು.

“ಶನಿವಾರ ನಿಮಗ ಬಿಯರು, ನನಗ ಮನಿಯ ನಾಕು ಗ್ವಾಡಿ. ದೀಪಾವಳಿಗೆ ಊರಿಗೆ ಹೋದಾಕಿ ತಿರುಗಿ ಬರಂಗಿಲ್ಲ. ಈಗ ಹೇಳಿರ್ತೀನಿ.”

“ನೀನೂ ಬಾ.”

“ಬಂದು ಏನ್ ತಿನ್ಲಿ? ಹಂದಿ ಕಾಲು?”

ತಿರುಗಿ ಬರುವುದಿಲ್ಲ ಎಂದದ್ದು ತಮಾಷೆಗಲ್ಲ...

7 ಮೇ

ವಿಲ್ಫ್ರೆಡ್ ಅಂದ: “ಬಿಯರ್ ಗಾರ್ಡನ್ನಿಗೆ ಕರ್ಕೊಂಡು ಹೋಗು ಮಾರಾಯ. ಬುತ್ತಿ ಮನೆಯಿಂದಲೇ ಕಟ್ಕೊಂಡು ಹೋಗ್ಬಹುದು.”

ನಂಬಲಿಲ್ಲ. ಲೈಬ್ರರಿಯಲ್ಲಿ ಹುಡುಕಿದೆ. ನಿಜ! 1812ರ ರಾಜಾಜ್ಞೆ — ತೋಟದಲ್ಲಿ ಬಿಯರ್ ಮಾರಬಹುದು, ಊಟ ಮಾರಕೂಡದು. ಜನ ಬುತ್ತಿ ತಂದರು. ಪದ್ಧತಿ ಉಳಿಯಿತು.

11 ಮೇ, ಶನಿವಾರ ಸಂಜೆ

ಚೆಸ್ಟ್‌ನಟ್ ಮರದ ನೆರಳು. ಬಟ್ಟೆ ಹಾಸಿದ ಒಳ್ಳೆಯ ಮೇಜು ಹಿಡಿದೆ. ಮಧುಮತಿ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ ಬಿಚ್ಚಿದಳು. ವೇಟರ್ ಬಂದ. “ನೈನ್, ನೈನ್.” ಇಲ್ಲ, ಇಲ್ಲಿ ಇದನ್ನು ತಿನ್ನುವಂತಿಲ್ಲ!

ರಕ್ತ ಕುದಿಯಿತು. ಎರಡು ವರ್ಷದ ಹಿಂದೆ ಈ ದೇಶದ ಒಂದು ಚುನಾವಣೆಯಲ್ಲಿ, ಕಂಪ್ಯೂಟರ್ ಕೆಲಸಕ್ಕೆ ‘ಇಂಡಿಯನ್ನರು ಬೇಡ, ನಮ್ಮ ಮಕ್ಕಳು ಬೇಕು’ ಎಂದು ಕೂಗಿದ್ದನ್ನು ಮರೆತಿಲ್ಲ ನಾನು. ಎದ್ದು ನಿಂತು, ಮುರುಕು ಜರ್ಮನ್‌ನಲ್ಲಿ 1812ರಿಂದ ಶುರು ಮಾಡಿದೆ. ರಾಜನ ಹೆಸರಿಗೆ ಬರುವಷ್ಟರಲ್ಲಿ ಅವಳು ಅಂಗಿ ಜಗ್ಗಿದಳು.

“ಸುಮ್ನಿರ್ರಿ. ಅಲ್ಲಿ ನೋಡ್ರಿ, ಬಟ್ಟಿ ಹಾಸದ ಟೇಬಲ್‌ನ್ಯಾಗ ಎಲ್ಲಾರೂ ಡಬ್ಬಿ ಬಿಚ್ಚ್ಯಾರ. ಬಟ್ಟಿ ಹಾಸಿದ್ದು ಇವರ ಊಟ ತಿನ್ನೋರಿಗೆ. ನಿಮ್ಮ ಪುಸ್ತಕದಾಗ ಇದನ್ನ ಬರದಿಲ್ಲೇನು?”

ಬರೆದಿರಲಿಲ್ಲ. ವೇಟರನೇ ರೊಟ್ಟಿ ಗಂಟು ಹೊತ್ತು ಆ ಕಡೆಯ ಮೇಜಿಗೆ ತಂದಿಟ್ಟ. ನಕ್ಕ ಕೂಡ. ನಾನು ನಗಲಿಲ್ಲ.

ಪಕ್ಕದ ಅಜ್ಜಿ ಉಪ್ಪು ಹಚ್ಚಿದ ಮೂಲಂಗಿ ಕೊಟ್ಟಳು. ಮಧುಮತಿ ಚಟ್ನಿ ಕೊಟ್ಟಳು. ಅಜ್ಜಿ ಕೆಮ್ಮಿದಳು, ಕಣ್ಣೊರೆಸಿಕೊಂಡಳು, ಮತ್ತೆ ಕೈಚಾಚಿದಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದು. ಮಾತು ಮಾತ್ರ ನಿಲ್ಲಲಿಲ್ಲ. ಬಿಯರ್ ಹೀರುತ್ತ ಇಬ್ಬರನ್ನೂ ನೋಡುತ್ತ ಕೂತೆ. ಯಾವ ಬಿಯರ್ ಎಂದು ಬರೆದುಕೊಳ್ಳುವುದೂ ಮರೆತುಹೋಯಿತು.

1 ಜೂನ್, ಶನಿವಾರ

ಬರೆಯಲು ಬಿಡುವಿಲ್ಲ. ತೋಟ ಆರಿಸುವುದು ಈಗ ಅವಳೇ. ಇವತ್ತು ಇಸಾರ್ ನದಿಯ ದಂಡೆಯದು.

ದೀಪಾವಳಿಗೆ ಟಿಕೆಟ್ ತೆಗೆಯಬೇಕು. ಧೈರ್ಯ ಮಾಡಿ ಕೇಳಿದೆ — ಹೋಗುವುದಕ್ಕಷ್ಟೇ ಸಾಕೋ?

“ಬರೂದೂ ತಗೀರಿ,” ಎಂದಳು, ರೊಟ್ಟಿ ಬಡಿಯುತ್ತಲೇ. ತಲೆ ಎತ್ತಲಿಲ್ಲ.

ಈಗ ಚಪ್ಪಲಿ ಮೆಟ್ಟಿದ್ದಾಳೆ. “ಬರದದ್ದು ಸಾಕು, ನೆರಳಿನ ಜಾಗಾ ಎಲ್ಲಾ ಹೋಗ್ತಾವು, ನಡೀರಿ.”

ಬಂದೆ, ಇದೊಂದು ಸಾಲು —