ಚೆಲ್ಲಿದ ಅನ್ನ, ಹಿಂದೆ ಸಿತಾರ್

ಶುಕ್ರವಾರ, 22 ಆಗಸ್ಟ್
ಸಿಯಾಲ್ದಾ ರೈಲ್ವೆ ಕ್ವಾರ್ಟರ್ಸ್

ಆ ಸಾಲನ್ನು ನಾನು ತೆಗೆಯುವುದಿಲ್ಲ.

"ಸಿಟ್ಟಿಗೆ ಸಂಗೀತ ಬೆರೆಸಿದರೆ ಅದು ಪ್ರೀತಿಯಾಗುವುದಿಲ್ಲ." ಹೋದ ವಾರ ಹೊಸ ಸಿನಿಮಾದ ವಿಮರ್ಶೆಯಲ್ಲಿ ಹೀಗೆ ಬರೆದಿದ್ದೆ. ಸಿನಿಮಾ ವಿಮರ್ಶೆ ಕಲಿಸುವ ಸರ್ ಅದನ್ನು ಮೆಚ್ಚಿ ಇಡೀ ಕ್ಲಾಸಿಗೆ ಓದಿ ಹೇಳಿದ್ದರು. ಇವತ್ತು ಹಳೆಯ ಕಪ್ಪು-ಬಿಳುಪು ಸಿನಿಮಾ. ನಾಯಕ ಊಟದ ತಟ್ಟೆ ಎಸೆಯುತ್ತಾನೆ, ಹೆಂಡತಿ ಚೆಲ್ಲಿದ ಅನ್ನ ಬಳಿಯುತ್ತಾಳೆ, ಹಿಂದೆ ಸಿತಾರ್ ನುಡಿಯುತ್ತದೆ. ನಾನು ಅದೇ ಸಾಲನ್ನು ಬರೆದುಕೊಟ್ಟೆ. ಸರ್ ಅದರ ಮೇಲೆ ಕೆಂಪು ಗೀಟು ಎಳೆದು, ಸೋಮವಾರ ತಿದ್ದಿ ತರಲು ಹೇಳಿದರು.

"ದಿಸ್ ಈಸ್ ಎ ಕ್ಲಾಸಿಕ್, ಪೂರ್ವಿ. ಪೆಹಲೇ ದೇಖನಾ ಸೀಖೋ." ಮೊದಲು ನೋಡುವುದನ್ನು ಕಲಿಯಬೇಕಂತೆ ನಾನು.

ಆಮೇಲೆ ಚಹಾದಂಗಡಿಯಲ್ಲಿ, ಇಲ್ಲಿನವರು ಅಡ್ಡಾ ಎನ್ನುವ ಗೆಳೆಯರ ಹರಟೆಯಲ್ಲೂ, ಯಾರೂ ನನ್ನ ಪರ ಮಾತಾಡಲಿಲ್ಲ. ಇಲ್ಲಿ ಹೊಸ ಸಿನಿಮಾವನ್ನು ಚಹಾ ಆರುವುದರೊಳಗೆ ಹರಿದುಹಾಕುತ್ತಾರೆ, ಹಳೆಯದರ ಮುಂದೆ ಚಪ್ಪಲಿ ಬಿಟ್ಟು ನಿಲ್ಲುತ್ತಾರೆ.

ಮನೆಯಲ್ಲಿ ಅಪ್ಪ, "ಒಂದ ಸಾಲ ಅಲ್ಲೇನವಾ, ತಗದಬಿಡು" ಎಂದರು. ರೊಟ್ಟಿ ಬಡಿಯುತ್ತಿದ್ದ ಅವ್ವ ಕಥೆಯನ್ನೆಲ್ಲ ಕೇಳಿ, "ಆಕಿ ಕಡೀಗೆ ಉಂಡಳೇನು?" ಎಂದಳು.

ಸಿನಿಮಾ ಅದನ್ನು ತೋರಿಸಲೇ ಇಲ್ಲ. ನಾನೂ ಕೇಳಿಕೊಂಡಿರಲಿಲ್ಲ.

ಕೆಂಪು ಗೀಟಿನ ಕೆಳಗೆ ಅವ್ವನ ಪ್ರಶ್ನೆಯನ್ನೂ ಬರೆದಿದ್ದೇನೆ. ಸೋಮವಾರ ಹಾಗೆಯೇ ಕೊಡುತ್ತೇನೆ. ಸರ್ ಅದಕ್ಕೂ ಗೀಟು ಎಳೆಯಲಿ, ಬೇಡವೆನ್ನುವುದಿಲ್ಲ. ಆದರೆ ಮೊದಲು ಅವಳು ಉಂಡಳೋ ಇಲ್ಲವೋ, ಅದನ್ನು ಹೇಳಿ ಎಳೆಯಲಿ.