ವೀರಗಲ್ಲಿನ ಬುಡ

ಜೂನ್ ೨೩, ಸೋಮವಾರ

ಮೊಬೈಲಿಗೆ ಬಂದ ಆ ಯುದ್ಧದ ವಿಡಿಯೊ ತಮ್ಮ ಹರ್ಷನಿಗೆ ತೋರಿಸಲೋ ಬೇಡವೋ? ಮೂರು ದಿನದಿಂದ ಇದೇ ಒದ್ದಾಟ. ಟಿವಿಯವರು ಮಸುಕು ಮಾಡುವ ಹೆಣಗಳು ಅದರಲ್ಲಿ ಹಾಗೇ ಕಾಣುತ್ತವೆ. ಹರ್ಷ ನೋಡುವುದು ವಿಮಾನ, ಬಾವುಟ, ಹಾಡು ಅಷ್ಟೇ. ಮುಂದಿನ ತಿಂಗಳು ಸೈನ್ಯದ ಭರ್ತಿಗೆ ಹೋಗುತ್ತಾನೆ.

ಬಿತ್ತನೆಗೆ ಮೊದಲು ಬದುವಿನ ವೀರಗಲ್ಲು ತೊಳೆದು ಕುಂಕುಮ ಹಚ್ಚುವುದು ನಮ್ಮ ಪದ್ಧತಿ. ಮೇಲಿನ ಸಾಲಿನಲ್ಲಿ ಅಪ್ಸರೆಯರು ವೀರನನ್ನು ಸ್ವರ್ಗಕ್ಕೆ ಒಯ್ಯುತ್ತಾರೆ. ನಾವು ಕಂಡಿದ್ದು ಅಷ್ಟೇ. ಇವತ್ತು ಕಲ್ಲು ವಾಲಿತ್ತೆಂದು ಹರ್ಷ ಬುಡ ಅಗೆದ. ಮಣ್ಣಿನೊಳಗೆ ಇನ್ನೊಂದು ಸಾಲು! ಅದೇ ವೀರ ಬಾಣ ನಾಟಿ ಬಿದ್ದಿದ್ದಾನೆ, ಕರುಳು ಹೊರಬಂದಿದೆ. ಕೆತ್ತಿದವನು ಏನನ್ನೂ ಮುಚ್ಚಿರಲಿಲ್ಲ.

“ಥೂ, ಮಣ್ಣೆಳಿಯೋ. ಪೂಜೆ ಕಲ್ಲಲ್ಲಿ ಇಂಥದ್ದು ನೋಡ್ಬಾರ್ದು,” ಎಂದಳು ಹೂವಮ್ಮಜ್ಜಿ.

ಹರ್ಷ ಗುದ್ದಲಿ ಬಿಟ್ಟು, ಆ ಕರುಳನ್ನು ಬೆರಳಲ್ಲೇ ತೊಳೆದ. “ಇವ್ನಿಗೂ ನನ್ನಷ್ಟೇ ವಯಸ್ಸಿರ್ಬೇಕು ಕಣಜ್ಜಿ. ಕುಂಕುಮ ಕೊಡು, ಇಲ್ಲೂ ಹಚ್ತೀನಿ.”

ಅಜ್ಜಿ ಕುಂಕುಮದ ಬಟ್ಟಲು ಕೊಟ್ಟಳು.

ಊಟವಾದ ಮೇಲೆ ಅವನೇ ಕೇಳಿದ, “ಅಕ್ಕ, ಮೊಬೈಲಲ್ಲಿ ಏನೋ ಮುಚ್ಚಿಟ್ಕೊಂಡಿದ್ದೀಯಲ್ಲ, ಕೊಡಿಲ್ಲಿ.”

ಕೊಟ್ಟೆ. ಪಕ್ಕದ ಕೋಣೆಯಲ್ಲಿ ನೋಡುತ್ತಿದ್ದಾನೆ. ತಲೆ ಬಗ್ಗಿಸಿ ಕೂತಿದ್ದಾನೆ. ಕುಂಕುಮ ಹಚ್ಚಿ ಕಲ್ಲಿನ ಮುಂದೆ ಕೂತಾಗಲೂ ಹೀಗೇ ಇದ್ದ, ಆ ಕೆಂಪು ಬೆರಳು ಹಾಗೇ ಹಿಡಿದುಕೊಂಡು.